ಎಚ್ಚರಿಕೆ: ಡೆನ್ಸಿಟಿ ಪ್ಲಾಟ್‌ನಲ್ಲಿ ಫ್ರಮ್‌ಗೆ (ರೇಖೆ ಎಲ್ಲಿಂದ ಶುರು ಎನ್ನುವ ಆಯ್ಕೆ) ಸೊನ್ನೆ ಕೊಟ್ಟರೆ ಗಡಿ ಸರಿಹೋಗುವುದಿಲ್ಲ

ಕಾಯುವ ಸಮಯ, ಆದಾಯ, ಮಳೆಯ ಪ್ರಮಾಣ, ಹೀಗೆ ಸೊನ್ನೆಗಿಂತ ಕೆಳಗೆ ಇಳಿಯಲಾರದ ದತ್ತಾಂಶಕ್ಕೆ ಡೆನ್ಸಿಟಿ ಪ್ಲಾಟ್ (ದತ್ತಾಂಶ ಎಲ್ಲಿ ಎಷ್ಟು ದಟ್ಟವಾಗಿದೆ ಎಂದು ನಯವಾದ ರೇಖೆಯಲ್ಲಿ ತೋರಿಸುವ ಚಿತ್ರ) ಹಾಕುವವರು ದಯವಿಟ್ಟು ಗಮನಿಸಿ. ಕಾಯುವ ಸಮಯದ ಬಗೆಗಿನ ಒಂದು ವರದಿಯಲ್ಲಿ ರೇಖೆ ಸೊನ್ನೆಯ ಬಳಿ ಕುಸಿದು, ತುಸು ಮುಂದೆ ಶಿಖರ ಕಟ್ಟಿತ್ತು. 'ತಕ್ಷಣ ಸೇವೆ ಸಿಕ್ಕವರು ಕಡಿಮೆ' ಎಂಬ ತೀರ್ಮಾನವನ್ನೂ ಬರೆದಾಗಿತ್ತು. ಅದೇ ದತ್ತಾಂಶಕ್ಕೆ ಹಿಸ್ಟೋಗ್ರಾಮ್ (ಎಣಿಕೆಯ ಕಂಬಚಿತ್ರ) ಹಾಕಿದರೆ ಮೊದಲ ಕಂಬವೇ ಎಲ್ಲಕ್ಕಿಂತ ಎತ್ತರ!

ಕಾರಣ ಇಷ್ಟೇ: ಸೊನ್ನೆಯ ಪಕ್ಕದ ಪ್ರತಿ ಬಿಂದುವಿನ ಮೇಲೂ ಕೂರುವ ಗಾಸಿಯನ್ ಕರ್ನಲ್‌ನ (ಗಂಟೆಯಾಕಾರದ ಪುಟ್ಟ ದಿಬ್ಬ; ಇವೆಲ್ಲ ಕೂಡಿದರೆ ರೇಖೆ) ಒಂದು ಭಾಗ ಋಣ ಬದಿಗೆ ಚೆಲ್ಲುತ್ತದೆ. ಸರಾಸರಿ 1 ಇರುವ ಎಕ್ಸ್‌ಪೊನೆನ್ಷಿಯಲ್ ಹಂಚಿಕೆಯನ್ನೇ (ಸೊನ್ನೆಯಲ್ಲೇ ಅತಿ ಎತ್ತರ, ಮುಂದೆ ಬರೀ ಇಳಿಕೆ) ತೆಗೆದುಕೊಳ್ಳಿ. ಸೊನ್ನೆಯಲ್ಲಿ ನಿಜವಾದ ಸಾಂದ್ರತೆ 1. ಬ್ಯಾಂಡ್‌ವಿಡ್ತ್ (ದಿಬ್ಬದ ಹರವು) 0.2 ಇದ್ದರೆ ಸರಾಸರಿ ಅಂದಾಜು ಬರೀ 0.43, ಮೇಲೆ 0.3ರ ಆಸುಪಾಸಿನಲ್ಲಿ ಇಲ್ಲದ ಶಿಖರವೊಂದು ಬೇರೆ. ದತ್ತಾಂಶ ಹೆಚ್ಚಿಸಿದರೂ ಗಡಿಯಲ್ಲಿ ಅರ್ಧಕ್ಕರ್ಧ ಕಳೆದುಹೋಗುವುದು ತಪ್ಪುವುದಿಲ್ಲ.

ಸಂಖ್ಯಾಶಾಸ್ತ್ರದ ತಂತ್ರಾಂಶ ಆರ್‌ನ ಡೆನ್ಸಿಟಿ ಫಂಕ್ಷನ್‌ಗೆ ಫ್ರಮ್ ಸೊನ್ನೆ ಎಂದು ಕೊಡುವುದು, ಪೈಥಾನ್‌ನ ಚಿತ್ರ ಲೈಬ್ರರಿ ಸೀಬಾರ್ನ್‌ನಲ್ಲಿ ಕಟ್ ಅಥವಾ ಕ್ಲಿಪ್ ಆಯ್ಕೆ ಬಳಸುವುದು ಗಡಿ ತಿದ್ದುಪಡಿಯಲ್ಲ. ಅವು ರೇಖೆಯ ಬಾಲ ಕತ್ತರಿಸುತ್ತವೆ, ಅಷ್ಟೇ. ಮೇಲಿನ ಉದಾಹರಣೆಯಲ್ಲಿ ರೇಖೆಯಡಿ ಉಳಿಯುವ ವಿಸ್ತೀರ್ಣ 1ರ ಬದಲು 0.93. ಇಡೀ ರೇಖೆಯನ್ನು 0.93ರಿಂದ ಭಾಗಿಸಿದರೂ ಸೊನ್ನೆಯಲ್ಲಿ ಸಿಗುವುದು 0.46. ಕತ್ತರಿಸಿದ ಚಿತ್ರ ಅಚ್ಚುಕಟ್ಟಾಗಿ ಕಾಣುವುದೇ ದೊಡ್ಡ ಅಪಾಯ. ಬಾಲ ಋಣ ಬದಿಗೆ ಚಾಚಿದ್ದರೆ ಯಾರಿಗಾದರೂ ಅನುಮಾನವಾದರೂ ಬರುತ್ತಿತ್ತು.

ಸುಲಭದ ದಾರಿ ಪ್ರತಿಫಲನ: ಋಣ ಬದಿಗೆ ಚೆಲ್ಲಿದ್ದನ್ನು ಮಡಚಿ ಈಚೆಗೆ ಕೂಡಿಸುವುದು. ಆರ್‌ನ ಚಿತ್ರ ಪ್ಯಾಕೇಜ್ ಜಿಜಿಪ್ಲಾಟ್2ರಲ್ಲಿ 3.4.0 ಆವೃತ್ತಿಯಿಂದ ಇರುವ ಬೌಂಡ್ಸ್ ಆಯ್ಕೆ ಇದನ್ನೇ ಮಾಡುತ್ತದೆ. ಕೈಯಾರೆ ಮಾಡುವುದಾದರೆ ಬ್ಯಾಂಡ್‌ವಿಡ್ತ್ ಅನ್ನು ಮೂಲ ದತ್ತಾಂಶದಿಂದಲೇ ಲೆಕ್ಕಹಾಕಿ. ಕನ್ನಡಿ ಬಿಂಬ ಸೇರಿಸಿದ ದತ್ತಾಂಶದಲ್ಲಿ ಹರವೂ ಎಣಿಕೆಯೂ ಬದಲಾಗಿರುತ್ತವೆ. ಪ್ರತಿಫಲನಕ್ಕೂ ಮಿತಿಯಿದೆ: ಅದು ಗಡಿಯಲ್ಲಿ ರೇಖೆಯನ್ನು ಚಪ್ಪಟೆ ಮಾಡುತ್ತದೆ, ಹಾಗಾಗಿ ಇಲ್ಲಿ 0.86ಕ್ಕೇ ನಿಲ್ಲುತ್ತದೆ. ಗಡಿಯಲ್ಲಿ ಇಳಿಜಾರು ಕಡಿದಾಗಿದ್ದರೆ ಲೋಕಲ್ ಲೀನಿಯರ್ ತಿದ್ದುಪಡಿ ಅಥವಾ ಗಾಮಾ ಕರ್ನಲ್ (ಗಡಿಗೆ ಹೊಂದಿಕೊಳ್ಳುವ ಬೇರೆ ವಿಧಾನಗಳು) ನೋಡಿ. ದತ್ತಾಂಶದ ಲಾಗ್ (ಲಾಗರಿದಮ್) ತೆಗೆದು ಅಂದಾಜು ಮಾಡಿದರೆ, ಮೂಲ ಅಳತೆಗೆ ಮರಳುವಾಗ ಸಾಂದ್ರತೆಯನ್ನು ಮೂಲ ಬೆಲೆಯಿಂದ ಭಾಗಿಸುವುದನ್ನು ಮರೆಯಬೇಡಿ.

ನಿಖರವಾಗಿ ಸೊನ್ನೆಯೇ ಇರುವ ದಾಖಲೆಗಳು, ಉದಾಹರಣೆಗೆ ಮಳೆಯಿಲ್ಲದ ದಿನಗಳು, ರಾಶಿ ಬಿದ್ದಿದ್ದರೆ ಯಾವ ಕರ್ನಲ್ಲೂ ಕೆಲಸಕ್ಕೆ ಬಾರದು. ಅವನ್ನು ಮೊದಲೇ ಬೇರ್ಪಡಿಸಿ, ಒಟ್ಟು ದಾಖಲೆಗಳಲ್ಲಿ ಅವುಗಳ ಪಾಲಾಗಿ ಪ್ರತ್ಯೇಕ ತೋರಿಸಿ. ಉಳಿದ ಧನ ಬೆಲೆಗಳಿಗೆ ಮಾತ್ರ ರೇಖೆ ಎಳೆಯಿರಿ.