ಮದ್ಯದ ವಾಸನೆಗೆ ಮಿಂಟ್ ಸ್ಪ್ರೇ: ಬಳಸಿ ನೋಡಿದ ಮೇಲೆ

ಔಷಧದಂಗಡಿಯ ಗಲ್ಲಾದ ಪಕ್ಕದಲ್ಲಿ ನೇತುಹಾಕಿದ್ದ, ಹೆಬ್ಬೆರಳಿನಷ್ಟೇ ಉದ್ದದ ಮಿಂಟ್ ಸ್ಪ್ರೇಯನ್ನು ಪಾರ್ಟಿಯೊಂದರ ನಂತರ ಬಳಸಿ ನೋಡಿದೆ. ನಾಲಿಗೆಯ ಮೇಲೆ ಎರಡು ಬಾರಿ ಸಿಂಪಡಿಸಿದೊಡನೆ ಗಂಟಲವರೆಗೂ ತಣ್ಣಗಾಯಿತು. ಆದರೆ ಕಾಲು ಗಂಟೆ ಕಳೆಯುವಷ್ಟರಲ್ಲಿ ಪುದೀನದ ಘಮದ ಅಡಿಯಿಂದ ವಿಸ್ಕಿ ಮತ್ತೆ ತಲೆಯೆತ್ತಿದೆಯೆಂದು, ಬಾಗಿಲು ತೆರೆದ ಹೆಂಡತಿ ಮೂಗು ಮುಚ್ಚಿಕೊಂಡೇ ತಿಳಿಸಿದಳು. ಇದನ್ನು ಸ್ಪ್ರೇಯ ದೋಷವೆನ್ನಲಾಗದು: ರಕ್ತಕ್ಕೆ ಸೇರಿದ ಆಲ್ಕೋಹಾಲ್ ಶ್ವಾಸಕೋಶದ ಮೂಲಕ ಉಸಿರಿನೊಂದಿಗೆ ಹೊರಬರುತ್ತಲೇ ಇರುವುದರಿಂದ, ಯಕೃತ್ತು ತನ್ನ ಕೆಲಸ ಮುಗಿಸುವವರೆಗೆ ಬಾಯಿಯನ್ನಷ್ಟೇ ತಾಜಾಗೊಳಿಸುವ ಯಾವ ವಸ್ತುವೂ ವಾಸನೆಯನ್ನು ಪೂರ್ತಿ ತೆಗೆಯಲಾರದು. ಪೊಲೀಸರ ತಪಾಸಣೆಗೆ ಹೆದರಿ ಕೊಳ್ಳುವವರಿಗಂತೂ ಹಣ ವ್ಯರ್ಥ. 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್ ಎಂಬ ಮಿತಿಯನ್ನು ನೋಡುವ ಉಸಿರು ಪರೀಕ್ಷೆಯ ಯಂತ್ರಕ್ಕೆ ಪುದೀನದ ಗೊಡವೆಯಿಲ್ಲ, ಮೇಲಾಗಿ ಕೆಲವು ಸ್ಪ್ರೇಗಳಲ್ಲೇ ಆಲ್ಕೋಹಾಲ್ ಇರುತ್ತದೆ. ಊಟದ ನಂತರದ ಬಾಯಿವಾಸನೆಗೆ ಇದು ಪರವಾಗಿಲ್ಲ, ಆದರೆ ಅದಕ್ಕೆ ಹೋಟೆಲಿನವರು ಬಿಟ್ಟಿಯಾಗಿ ಕೊಡುವ ಸೋಂಪೇ ಸಾಕಿತ್ತು.