ವಾಬಲ್ ಬೋರ್ಡ್: ತಗೊಳ್ಳಬಹುದು, ಆದರೆ ಡಬ್ಬದ ಮೇಲೆ ಬರೆದಿರುವುದಕ್ಕಲ್ಲ

ಡಬ್ಬದ ಮೇಲೆ "ಕಾಲು ಗಟ್ಟಿ, ಹೊಟ್ಟೆ ಸಪಾಟು" ಅನ್ನೋ ಥರದ ಮಾತು, ಜೊತೆಗೆ ನಗುತ್ತಾ ನಿಂತಿರುವ ಒಬ್ಬ ಮಾಡೆಲ್. ಹೊಟ್ಟೆ ಕರಗಿಸಬೇಕಾದರೆ ಸುಮ್ನೆ ವಾಕಿಂಗ್ ಹೋಗಿ, ದುಡ್ಡು ಉಳಿಯುತ್ತದೆ. ಮೇಲೆ ನಿಂತು ಬ್ಯಾಲೆನ್ಸ್ ಮಾಡುವ ಈ ಹಲಗೆಯ ಕೆಲಸವೇ ಬೇರೆ.

ನಾನು ತಗೊಂಡಿದ್ದು ಮರದ್ದು. ದುಂಡನೆಯ ಹಲಗೆ, ಅಡಿಯಲ್ಲಿ ಪ್ಲಾಸ್ಟಿಕ್ಕಿನ ಅರ್ಧ ಚೆಂಡು, ಬೆಲೆ ಸಾವಿರದ ಆಸುಪಾಸು. ಫುಟ್‌ಪಾತಿನಲ್ಲಿ ಎದ್ದು ನಿಂತಿದ್ದ ಚಪ್ಪಡಿ ಮೇಲೆ ಕಾಲಿಟ್ಟು ಬಲಗಾಲು ಉಳುಕಿತ್ತು. ಊತ ಇಳಿದು ನೋವೆಲ್ಲ ಹೋದ ಮೇಲೂ ಮೆಟ್ಟಿಲು ಇಳಿಯುವಾಗ ಅದೇ ಕಾಲು ಆಗಾಗ ಹೊರಳುತ್ತಿತ್ತು. "ಮೇಡಂ, ನಿಮ್ಮ ಕಾಲಿಗೆ ಶಕ್ತಿ ಕಮ್ಮಿ ಆಗಿಲ್ಲ, ಸುದ್ದಿ ಸರಿಯಾಗಿ ಹೋಗ್ತಿಲ್ಲ" ಅಂದರು ಫಿಸಿಯೋಥೆರಪಿಸ್ಟ್. ಈ ಹಲಗೆ ತಗೊಳ್ಳಿ ಅಂದಿದ್ದೂ ಅವರೇ.

ಯಾವ ಸುದ್ದಿ? ನಮ್ಮ ಸ್ನಾಯುಗಳ ಒಳಗೆ ಮಸಲ್ ಸ್ಪಿಂಡಲ್ ಅಂತ ತೀರಾ ಸಣ್ಣ ಅಂಗಗಳಿವೆ. ಸ್ನಾಯು ಎಷ್ಟು ಹಿಗ್ಗಿತು, ಎಷ್ಟು ಬೇಗ ಹಿಗ್ಗಿತು ಅನ್ನುವುದನ್ನು ಅವು ಬೆನ್ನುಹುರಿಗೆ ಹೇಳುತ್ತಲೇ ಇರುತ್ತವೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ ಶುರುವಾಗುವ ಕಡೆ ಇನ್ನೊಂದು ಬಗೆಯ ಅಂಗಗಳಿವೆ, ಅವು ಎಳೆತದ ಜೋರನ್ನು ಅಳೆಯುತ್ತವೆ. ಕೀಲಿನ ಲಿಗಮೆಂಟಿನಲ್ಲೂ (ಮೂಳೆಗೆ ಮೂಳೆ ಕಟ್ಟಿ ಹಿಡಿಯುವ ಪಟ್ಟಿ) ಅಂಗಾಲಿನ ಚರ್ಮದಲ್ಲೂ ನರದ ತುದಿಗಳಿವೆ. ಕಾಲು ಉಳುಕಿದಾಗ ಲಿಗಮೆಂಟ್ ಜೊತೆ ಈ ತುದಿಗಳಿಗೂ ಏಟು ಬೀಳಬಹುದು.

ಡಾಕ್ಟರು ಮಂಡಿ ಕೆಳಗೆ ಸುತ್ತಿಗೆಯಲ್ಲಿ ತಟ್ಟುತ್ತಾರಲ್ಲ, ಅದೂ ಇದೇ ದಾರಿ. ತಟ್ಟಿದಾಗ ತೊಡೆಯ ಮುಂದಿನ ಸ್ನಾಯು ಕೂದಲೆಳೆಯಷ್ಟು ಹಿಗ್ಗುತ್ತದೆ, ಸುದ್ದಿ ಬೆನ್ನುಹುರಿಗೆ ಹೋಗುತ್ತದೆ, ಅಲ್ಲಿ ಒಂದೇ ಒಂದು ನರದ ಕೊಂಡಿ ದಾಟಿ ಅದೇ ಸ್ನಾಯುವಿಗೆ "ಬಿಗಿ ಹಿಡಿ" ಅಂತ ಆದೇಶ ವಾಪಸ್ ಬರುತ್ತದೆ, ಅದೇ ಹೊತ್ತಿಗೆ ತೊಡೆಯ ಹಿಂದಿನ ಸ್ನಾಯುವಿಗೆ "ಸಡಿಲ ಬಿಡು" ಅಂತ ಇನ್ನೊಂದು ಆದೇಶವೂ ಹೋಗುತ್ತದೆ. ಮೆದುಳನ್ನು ಕೇಳುವ ಮಾತೇ ಇಲ್ಲ. 1875ರಲ್ಲಿ ಎರ್ಬ್ ಮತ್ತು ವೆಸ್ಟ್‌ಫಾಲ್ ಅನ್ನೋ ಇಬ್ಬರು ಜರ್ಮನ್ ವೈದ್ಯರು ಈ ಮಂಡಿ ಪರೀಕ್ಷೆಯನ್ನು ಬೇರೆ ಬೇರೆಯಾಗಿಯೇ ವಿವರಿಸಿದ್ದರು. ಒಂದು ಸ್ನಾಯು ಬಿಗಿಯಾದಾಗ ಎದುರಿನದು ಹೇಗೆ ಸಡಿಲವಾಗುತ್ತದೆ ಅಂತ ಬಿಡಿಸಿ ತೋರಿಸಿದವರು ಇಂಗ್ಲೆಂಡಿನ ಶೆರಿಂಗ್ಟನ್, 1932ರ ನೊಬೆಲ್ ಹಂಚಿಕೊಂಡವರು. (ಮಂಡಿ ಎಗರದೇ ಇದ್ದರೆ ಎರಡೂ ಕೈಬೆರಳು ಕೊಕ್ಕೆ ಹಾಕಿ ಜೋರಾಗಿ ಎಳೆಯಲು ಹೇಳಿ ತಟ್ಟುತ್ತಾರೆ. ಆಗ ಎಗರುವುದು ಜಾಸ್ತಿ. ಮನೆಯಲ್ಲಿ ಮಕ್ಕಳ ಮೇಲೆ ಪ್ರಯೋಗ ಮಾಡಿ, ಮಜಾ ಇರುತ್ತದೆ.)

ಈಗ ಹಲಗೆಗೆ ಬರೋಣ. ಬರಿಗಾಲಲ್ಲಿ ಒಂಟಿ ಕಾಲು ಹಾಕಿ ನಿಂತರೆ ಪಾದದ ಮೇಲ್ಭಾಗದಲ್ಲಿ ಸ್ನಾಯುವಿನ ಹುರಿಗಳು ಒಂದಾದ ಮೇಲೊಂದು ಎದ್ದು ಇಳಿಯುವುದು ಕಾಣುತ್ತದೆ. ಹಲಗೆ ಹೊರಗೆ ವಾಲಿದರೆ ಮೀನಖಂಡದ ಹೊರಬದಿ ಬಿಗಿಯುತ್ತದೆ, ಒಳಗೆ ವಾಲಿದರೆ ಅದು ಸಡಿಲ, ಬೇರೆ ಯಾವುದೋ ಬಿಗಿ. ನಾವು ಬೇಕಂತ ಏನೂ ಮಾಡಿರುವುದಿಲ್ಲ. ಮೊದಮೊದಲು ಈ ಬಿಗಿತ ಒರಟಾಗಿರುತ್ತದೆ, ಇಡೀ ಕಾಲು ಗಡಗಡ ಅನ್ನುತ್ತದೆ. ಅಭ್ಯಾಸ ಆದಂತೆ ಅಲುಗಾಟ ಸಣ್ಣದಾಗುತ್ತದೆ.

ಒಂದು ಮಾತು ನೆನಪಿರಲಿ. ಸುತ್ತಿಗೆ ತಟ್ಟಿದಾಗ ತೊಡೆಯ ಸ್ನಾಯು ಎಚ್ಚರವಾಗಲು ಬೇಕಾಗುವುದು ಸೆಕೆಂಡಿನ ನೂರರಲ್ಲಿ ಎರಡು ಮೂರು ಪಾಲು ಅಷ್ಟೇ. ಪಾದದ ಕೀಲು ಹೊರಳಿದಾಗ ಅದಕ್ಕಿಂತ ಹೆಚ್ಚು ಹೊತ್ತು ಬೇಕು, ಜೋರಾಗಿ ಹೊರಳಿದರೆ ರಿಫ್ಲೆಕ್ಸ್, ಅಂದರೆ ತಾನಾಗಿಯೇ ಬರುವ ಈ ಬಿಗಿತ, ಬರುವಷ್ಟರಲ್ಲಿ ಕೆಲಸ ಕೆಟ್ಟಿರಬಹುದು. ಹಾಗಾಗಿ ಪಾದ ನೆಲ ಮುಟ್ಟುವ ಮೊದಲೇ ಸ್ನಾಯು ಹದವಾಗಿ ತಯಾರಾಗಿರುವುದೂ ಮುಖ್ಯ. ಒಮ್ಮೆ ಉಳುಕಿಸಿಕೊಂಡವರಿಗೆ ಇಂಥ ಬ್ಯಾಲೆನ್ಸ್ ಅಭ್ಯಾಸದಿಂದ ಮತ್ತೆ ಉಳುಕುವುದು ಕಮ್ಮಿಯಾಗುತ್ತದೆ ಅನ್ನುವುದಕ್ಕೆ ಒಳ್ಳೆಯ ಪುರಾವೆ ಇದೆ. ನನ್ನ ಕಾಲೂ ಈಗ ಮೆಟ್ಟಿಲಲ್ಲಿ ಹೊರಳುವುದಿಲ್ಲ.

ಡಬ್ಬದ ಜೊತೆ ಬಂದ ಚೀಟಿಯಲ್ಲಿ ಹೇಗೆ ನಿಲ್ಲಬೇಕು ಅನ್ನುವುದೇ ಇಲ್ಲ. ಕಾಲು ನೋಡಬೇಡಿ, ಎದುರು ಗೋಡೆ ನೋಡಿ. ನಾವು ಬೀಳದೆ ನಿಲ್ಲುವುದು ಕಣ್ಣು, ಒಳಗಿವಿ, ಮೈಯೊಳಗಿನ ಈ ಸುದ್ದಿ, ಮೂರನ್ನೂ ನಂಬಿಕೊಂಡು. ಒಂದು ಕಮ್ಮಿಯಾದರೆ ಇನ್ನೆರಡು ಹೇಗೋ ಸಂಭಾಳಿಸುತ್ತವೆ. ಗೋಡೆ ಪಕ್ಕದಲ್ಲಿ, ಸಮ ನೆಲದ ಮೇಲೆ, ಒಂಟಿ ಕಾಲಲ್ಲಿ ಕಣ್ಣು ಮುಚ್ಚಿ ನೋಡಿ, ಕಣ್ಣು ಎಷ್ಟು ಕೆಲಸ ಮಾಡುತ್ತಿತ್ತು ಅಂತ ತಕ್ಷಣ ಗೊತ್ತಾಗುತ್ತದೆ.

ಅಪ್ಪನಿಗೆ ಬಹಳ ವರ್ಷದಿಂದ ಶುಗರ್ ಇದೆ, ಅಂಗಾಲು ಜೋಮು ಹಿಡಿದಂತಿರುತ್ತದೆ ಅನ್ನುತ್ತಾರೆ. ಅವರನ್ನು ನಾನು ಇದರ ಮೇಲೆ ಹತ್ತಲು ಬಿಟ್ಟಿಲ್ಲ. ಕಾಲಿನ ನರ ಸುದ್ದಿಯನ್ನೇ ಕಳಿಸದಿದ್ದರೆ ಅವರು ಪೂರ್ತಿ ಕಣ್ಣನ್ನೇ ನಂಬಿ ನಿಂತಿರುತ್ತಾರೆ, ಕತ್ತಲಲ್ಲಿ ಬಾತ್‌ರೂಮಿಗೆ ಹೋಗುವಾಗಲೇ ಅಂಥವರು ಮುಗ್ಗರಿಸುವುದು. ಮನೆಯಲ್ಲಿ ಅಂಥವರಿದ್ದರೆ ಡಾಕ್ಟರನ್ನು ಕೇಳದೆ ಇದರ ಹತ್ತಿರ ಬಿಡಬೇಡಿ.

ಇನ್ನು ದೂರು. ಮೇಲೆ ಅಂಟಿಸಿರುವ ಮರಳು ಕಾಗದದಂಥ ಸ್ಟಿಕ್ಕರ್ ಬರಿಗಾಲಿಗೆ ಚುಚ್ಚುತ್ತದೆ, ಅಂಚಿನಲ್ಲಿ ಬೇಗ ಎದ್ದೂ ಬಂತು. ಮಾರಿದವರನ್ನು ಕೇಳಿದರೆ "ಶೂ ಹಾಕ್ಕೊಂಡು ನಿಲ್ಲಿ ಮೇಡಂ" ಅಂದರು. ಅಂಗಾಲಿನ ಸುದ್ದಿಗಾಗಿಯೇ ತಗೊಂಡ ಹಲಗೆ ಮೇಲೆ ದಪ್ಪ ಶೂ! ನಾನೇ ಅದನ್ನು ಕಿತ್ತು ಹಳೆಯ ಯೋಗಾ ಮ್ಯಾಟ್ ತುಂಡು ಅಂಟಿಸಿಕೊಂಡೆ. ಟೈಲ್ಸ್ ನೆಲದ ಮೇಲೆ ಅರ್ಧ ಚೆಂಡು ಜಾರುತ್ತದೆ, ಕೆಳಗೆ ಜಾರದ ಮ್ಯಾಟ್ ಬೇಕೇ ಬೇಕು. ಜಮಖಾನ ಹಾಸಿದರೆ ಅದೂ ಸೇರಿ ಜಾರುತ್ತದೆ.

ಐದಕ್ಕೆ ಮೂರೂವರೆ ಸ್ಟಾರ್. ಕಾಲು ಉಳುಕಿದ್ದು ಹೊಸದಾದರೆ ಮೊದಲು ಬರೀ ನೆಲದ ಮೇಲೆ, ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಂತು ಶುರು ಮಾಡಿ, ಅದು ಬಿಟ್ಟಿ. ಅದು ಸುಲಭ ಅನಿಸಿದ ಮೇಲೆ ಹಲಗೆ ತಗೊಳ್ಳಿ. ಅಂಗಡಿಯಲ್ಲಿ ಸಿಕ್ಕರೆ ತಿರುಗಿಸಿ ಚೆಂಡಿನ ಸ್ಕ್ರೂ ಬಿಗಿಯಾಗಿದೆಯಾ ನೋಡಿಕೊಳ್ಳಿ. ನನ್ನದರಲ್ಲಿ ಒಂದು ಸಡಿಲ ಇತ್ತು.