ಡ್ರೋನ್ ದಾಳಿ ಕುರಿತ ಸೆಮಿನಾರಿಗೆ ಯಾವ ಪ್ರಕರಣ: ಯೆಮನ್ 2011, ಕಾಬೂಲ್ 2021?

ಕಾನೂನು ಓದುವವರಾದರೆ ಯೆಮನ್ ಎತ್ತಿಕೊಳ್ಳಿ. ಅಲ್-ಖೈದಾ ಉಗ್ರ ಸಂಘಟನೆಯ ಧರ್ಮಬೋಧಕ ಅನ್ವರ್ ಅಲ್-ಅವ್ಲಾಕಿ ಅಮೆರಿಕದ ಪ್ರಜೆ, ಹುಟ್ಟಿದ್ದು ನ್ಯೂ ಮೆಕ್ಸಿಕೊದಲ್ಲಿ. 2011ರ ಸೆಪ್ಟೆಂಬರ್ 30ರಂದು ಯೆಮನ್‌ನಲ್ಲಿ ಅವನ ದೇಶದ್ದೇ ಡ್ರೋನ್ ಅವನನ್ನು ಕೊಂದಿತು, ವಿಚಾರಣೆಯಿಲ್ಲ, ತೀರ್ಪಿಲ್ಲ. ಮಗನನ್ನು ಕೊಲ್ಲದಂತೆ ತಡೆಯಿರಿ ಎಂದು ತಂದೆ ಮೊದಲೇ ಕೋರ್ಟಿಗೆ ಹೋಗಿದ್ದರು. ದಾವೆ ಹೂಡುವ ಹಕ್ಕು ನಿಮಗಿಲ್ಲ, ಮೇಲಾಗಿ ಇದು ರಾಜಕೀಯ ಪ್ರಶ್ನೆ, ಕೋರ್ಟು ತೀರ್ಮಾನಿಸುವಂಥದ್ದಲ್ಲ ಎಂದು 2010ರ ಡಿಸೆಂಬರ್‌ನಲ್ಲಿ ಅರ್ಜಿ ವಜಾ ಆಯಿತು. ಹತ್ಯೆಯನ್ನು ಸಮರ್ಥಿಸಿದ ಸರ್ಕಾರಿ ಟಿಪ್ಪಣಿ 2014ರಲ್ಲಿ ಹೊರಬಂತು. ವಾದಕ್ಕೆ ಕಾಗದಪತ್ರ ಬೇಕಾದಷ್ಟು.

ನೈತಿಕ ಪ್ರಶ್ನೆ ನಿಮ್ಮನ್ನು ಕಾಡುತ್ತಿದ್ದರೆ ಕಾಬೂಲ್. 2021ರ ಆಗಸ್ಟ್ 29ರಂದು, ಬಾಂಬ್ ತುಂಬಿದೆ ಎಂದುಕೊಂಡು ಅಮೆರಿಕದ ಡ್ರೋನ್ ಹೊಡೆದದ್ದು ನೆರವು ಸಂಸ್ಥೆಯ ನೌಕರನ ಕಾರಿಗೆ. ಸತ್ತವರು 10 ಮಂದಿ, ಅವರಲ್ಲಿ 7 ಮಕ್ಕಳು. (ಆ ಕಾರನ್ನು ಗಂಟೆಗಟ್ಟಲೆ ಮೇಲಿನಿಂದ ನೋಡುತ್ತಲೇ ಇದ್ದರು ಎನ್ನುವುದು ನನಗಿನ್ನೂ ಅರಗಿಲ್ಲ.) ಮೊದಲು ಸಮರ್ಥಿಸಿಕೊಂಡ ಪೆಂಟಗನ್ (ಅಮೆರಿಕದ ರಕ್ಷಣಾ ಇಲಾಖೆ) ಸೆಪ್ಟೆಂಬರ್ 17ರಂದು ತಪ್ಪೊಪ್ಪಿಕೊಂಡಿತು; ಶಿಕ್ಷೆ ಯಾರಿಗೂ ಆಗಲಿಲ್ಲ.

ಯೆಮನ್‌ನಲ್ಲಿ ಗುರಿ ತಪ್ಪಿರಲಿಲ್ಲ, ಅಧಿಕಾರವೇ ಪ್ರಶ್ನೆ. ಕಾಬೂಲ್‌ನಲ್ಲಿ ಗುರಿಯೇ ತಪ್ಪು. ಎರಡನ್ನೂ ಒಂದೇ ಪ್ರಬಂಧಕ್ಕೆ ತುರುಕಬೇಡಿ. ಹತ್ತೇ ನಿಮಿಷ ಸಿಕ್ಕರೆ ಕಾಬೂಲ್. ಯೆಮನ್‌ಗೆ ಆ ಹೊತ್ತು ಪೀಠಿಕೆಗೂ ಸಾಲದು.